ಹೊಳೆ ಪಾಠದ ದಿನ

ತರಬೇತಿಯ ಮೊದಲ ದಿನ ವಿನುತಾ ಮೇಡಂ ನಮ್ಮನ್ನೆಲ್ಲ ಗುಂಡಗೆ ನಿಲ್ಲಿಸಿ, “ಒಬ್ಬೊಬ್ಬರೇ ನಿಮ್ಮ ಹೆಸರು ಹೇಳಿ, ಜೊತೆಗೆ ನಿಮಗಿಷ್ಟವಾದ ಒಂದು ತರಕಾರಿ ಹೇಳಿ” ಎಂದ ಕೂಡಲೇ ನಮ್ಮ ಹೆಡ್‌ಮೇಷ್ಟ್ರು ಮರಿಬಸಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಟ್ಟರು. ಅಂಗಳದ ಬಿಸಿಲಲ್ಲಿ ನಿಂತು, ಕಿಟಕಿಯ ಕಡೆ ಮುಖ ಮಾಡಿ, “ಮರಿಬಸಪ್ಪ. ಹೀರೇಕಾಯಿ” ಎಂದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ತಮ್ಮ ಜಾಗದಲ್ಲಿ ಕೈ ಕಟ್ಟಿ ನಿಂತರು. ಅವರ ಹಿಂದೆ ಒಂದನೇ ತರಗತಿಯ ಟೀಚರ್ ಹೋದರು, ಎರಡನೇ ತರಗತಿಯ ಟೀಚರ್ ಹೋದರು. ನನ್ನ ಸರದಿ ಬಂದಾಗ ನಾನೂ ಹೋಗಿ, “ಪಂಕಜಾ. ಯಾವುದಾದ್ರೂ ಆಗುತ್ತೆ” ಎಂದು ಕೂಗಿ ಬಂದೆ. ತರಬೇತಿ ಕೊಡಲು ಅಷ್ಟು ದೂರದಿಂದ ಬಂದ ಹುಡುಗಿ ಮುಖ ಸಪ್ಪೆ ಮಾಡಿಕೊಂಡಳು. ಟೀಚರುಗಳೆಲ್ಲ ಸೇರಿ ತನ್ನ ಮೇಲೆ ಮುಷ್ಕರ ಹೂಡಿದ್ದಾರೆ ಎಂದುಕೊಂಡಳಂತೆ, ಪಾಪ.

ನಮ್ಮೂರಿನಲ್ಲಿ ನಾಲ್ಕು ಗೋಡೆಯೊಳಗೆ ಯಾರೂ ಸುಮ್ಮಸುಮ್ಮನೆ ಬಾಯಿ ಬಿಡುವುದಿಲ್ಲ. ಒಳಗೆ ಆಡಿದ ಮಾತನ್ನು ಗೋಡೆ ಇಟ್ಟುಕೊಳ್ಳುತ್ತದೆ. ಮರುವರ್ಷ ಅದೇ ದಿನ, ಅದೇ ಹೊತ್ತಿಗೆ, ಅದೇ ದನಿಯಲ್ಲಿ ವಾಪಸು ಕೊಡುತ್ತದೆ. ಅದರ ಮರುವರ್ಷವೂ ಕೊಡುತ್ತದೆ. ಸುಣ್ಣ ಬಳಿಯುವ ತನಕ ಅದಕ್ಕೆ ಬಿಡುವಿಲ್ಲ. ಹಾಗಾಗಿ ನಮ್ಮಲ್ಲಿ ಸಂಬಂಧದ ಮಾತುಕತೆ ಜಗಲಿಯ ಮೇಲೆ, ಗಂಡ ಹೆಂಡಿರ ಜಗಳ ಹಿತ್ತಲಲ್ಲಿ. ಮಳೆ ಬಂದರೆ ಕೊಡೆ ಹಿಡಿದುಕೊಂಡಾದರೂ ಹೊರಗೇ ಹೋಗಿ ಬೈದಾಡುತ್ತೇವೆ. ಹೊಸದಾಗಿ ಮದುವೆಯಾದವರು ಮೈಮರೆತು ಏನಾದರೂ ಪಿಸುಗುಟ್ಟಿದ್ದರೆ ವರ್ಷ ತುಂಬುವ ಮೊದಲೇ ಸುಣ್ಣದವನನ್ನು ಕರೆಸುತ್ತಾರೆ. ಅವನು ಬಕೆಟ್ಟು ಹಿಡಿದು ಬೀದಿಗಿಳಿದರೆ ಯಾರ ಮನೆಗೆ ಹೋಗುತ್ತಾನೆಂದು ಎಲ್ಲರೂ ಬಗ್ಗಿ ನೋಡುತ್ತಾರೆ.

ಸಾವಾದ ಮನೆಗಂತೂ ಹನ್ನೊಂದನೆಯ ದಿನ ಸುಣ್ಣ ಬೀಳಲೇಬೇಕು. ಹಿಟ್ಟಿನ ಗಿರಣಿಯ ರಾಮಶೆಟ್ಟರು ಒಬ್ಬರು ಹಟ ಹಿಡಿದು, ಹೆಂಡತಿಯ ದನಿ ಬೇಕೆಂದು ಅಡುಗೆಮನೆಗೆ ಸುಣ್ಣ ಮುಟ್ಟಿಸಲಿಲ್ಲ. ಆಕೆ ಅಲ್ಲಿ ಆಡಿದ್ದಾದರೂ ಏನು? ಉಪ್ಪು ಸಾಕಾ ನೋಡಿ, ಬೆಕ್ಕು ಬಂತು ಓಡಿಸಿ, ಇಷ್ಟೇ. ಅಷ್ಟು ಕೇಳುವುದಕ್ಕೆ ಶೆಟ್ಟರು ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ಕೂತರು. ಗಿರಣಿ ಮುಚ್ಚಿತು, ಗಡ್ಡ ಬೆಳೆಯಿತು, ಊಟ ಮಾಡಿದರೋ ಇಲ್ಲವೋ ಅವರಿಗೇ ತಿಳಿಯದಂತಾಯಿತು. ಕೊನೆಗೆ ಊರವರೇ ಅವರನ್ನು ಎತ್ತಿ ತಂದು ಬೀದಿಯಲ್ಲಿ ಕೂರಿಸಿ ಸುಣ್ಣ ಹೊಡೆಸಿದರು. ಆಮೇಲೆ ಗಿರಣಿ ತೆರೆಯಿತು.

ಸುಣ್ಣ ಕಾಣದ ಗೋಡೆ ಎಂದರೆ ಊರಲ್ಲಿ ಶಾಲೆಯದೊಂದೇ. ಅದರಲ್ಲಿ ಮೊದಲ ಮೇಷ್ಟ್ರ ಪಾಠಗಳಿದ್ದವು. ಅವರು ವರ್ಷಕ್ಕೊಂದು ಕೋಣೆಯಂತೆ ಐದೂ ತರಗತಿಗಳ ಪಾಠವನ್ನು ಐದು ಕೋಣೆಗಳಲ್ಲಿ ಹೇಳಿ ಮುಗಿಸಿ ತೀರಿಕೊಂಡರಂತೆ. ಅಲ್ಲಿಂದ ಈಚೆಗೆ ನಮ್ಮಲ್ಲಿ ಟೀಚರ್ ಕೆಲಸ ಎಂದರೆ ಕೋಲು ಹಿಡಿದು ಹಲಗೆಯ ಮುಂದೆ ನಿಲ್ಲುವುದು, ಗೋಡೆ ಹೇಳಿದ್ದಕ್ಕೆ ಸರಿಯಾಗಿ ಕೋಲು ಓಡಿಸುವುದು, ಮಕ್ಕಳ ಬಾಯಿ ಮುಚ್ಚಿಸುವುದು. ತರಗತಿಯಲ್ಲಿ ಕೆಮ್ಮದವರಿಗೆ ಒಳ್ಳೆಯ ಟೀಚರ್ ಎಂದು ಹೆಸರು. ಮೇಷ್ಟ್ರಿಗೆ ಜ್ವರ ಬಂದ ದಿನಗಳೇ ನಮಗೆ ಇವತ್ತಿಗೂ ರಜೆ. ಒಂದೊಂದು ಕೋಣೆಗೆ ಒಂದೊಂದು ವರ್ಷದ ಪಾಠವಾದ್ದರಿಂದ ಮೂರನೇ ತರಗತಿಗೆ ರಜೆ ಇದ್ದ ದಿನ ನಾಲ್ಕಕ್ಕೆ ಇರುತ್ತಿರಲಿಲ್ಲ, ಅಕ್ಕ ತಮ್ಮ ಒಟ್ಟಿಗೆ ಮನೆಯಲ್ಲಿ ಆಡಿಕೊಂಡಿದ್ದು ಅಪರೂಪ. ಮೇಷ್ಟ್ರು ಆಣೆ ಕಾಸಿನ ಲೆಕ್ಕ ಹೇಳುತ್ತಿದ್ದರು, ಮಕ್ಕಳು ಅದನ್ನೇ ಸ್ಲೇಟಿನಲ್ಲಿ ಬರೆಯುತ್ತಿದ್ದರು. ಹೊರಗಿನ ಊರಿನ ಹೈಸ್ಕೂಲಿಗೆ ಹೋದ ನಮ್ಮ ಹುಡುಗರನ್ನು ಯಾರಾದರೂ ಹೆಸರು ಕೇಳಿದರೆ ಮೊದಲು ಬಾಗಿಲು ಎಲ್ಲಿದೆ ಎಂದು ಹುಡುಕುತ್ತಾರಂತೆ. ಅಲ್ಲಿಯವರು ನಗುತ್ತಾರಂತೆ.

ನನ್ನ ಮಗಳು ಕುಸುಮಿ ನಾಲ್ಕನೇ ತರಗತಿಗೆ ಬಂದಾಗ ಆ ತರಗತಿ ನನ್ನ ಕೈಯಲ್ಲೇ ಇತ್ತು. ಅವಳು ಎಡಗಡೆಯ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಶಾಲೆಯಲ್ಲಿ ನಾನು ಅಮ್ಮ ಅಲ್ಲ, ಮಿಸ್ ಎಂದು ಎಷ್ಟು ಸಲ ಹೇಳಿಕೊಟ್ಟಿದ್ದೆ. ಮಾಗಿಯ ಚಳಿ ಹಿಡಿಯುವ ಹೊತ್ತಿಗೆ ಹೊಳೆಯ ಪಾಠ ಬರುತ್ತದೆ. ಗೋಡೆಯಲ್ಲಿ ಮೇಷ್ಟ್ರು, “ನಮ್ಮ ಹೊಳೆ ಎಲ್ಲಿ ಹುಟ್ಟುತ್ತದೆ? ಬಲ್ಲವರು ಹೇಳಿ ನೋಡೋಣ” ಎನ್ನುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅವರ ಕಾಲದ ಮಕ್ಕಳು ಯಾರೂ ಬಾಯಿ ಬಿಟ್ಟಿರಲಿಲ್ಲ. ಮತ್ತೆ ಅವರೇ, “ಯಾರಿಗೂ ಗೊತ್ತಿಲ್ಲವೇ? ಸರಿ, ನಾನೇ ಹೇಳುತ್ತೇನೆ” ಎಂದು ಮುಂದುವರಿಸುತ್ತಾರೆ. ಆ ಖಾಲಿ ಬಿಟ್ಟ ಜಾಗದಲ್ಲಿ ನಮ್ಮ ಕುಸುಮಿ ಎದ್ದು ನಿಂತು, “ಅಜ್ಜಿ ಊರಲ್ಲಿ, ಅಮ್ಮಾ” ಎಂದುಬಿಟ್ಟಳು.

ನನ್ನ ತವರಿನ ಹಿಂದೆಯೇ ಹೊಳೆ ಹರಿಯುತ್ತದೆ. ಅದಕ್ಕಿಂತ ಮೇಲಕ್ಕೆ ಅವಳು ಹೋಗಿರಲಿಲ್ಲ, ಹಾಗಾಗಿ ಹೊಳೆ ಅಲ್ಲಿಂದಲೇ ಶುರು ಎಂದು ಅವಳ ಲೆಕ್ಕ. ತರಗತಿಯಲ್ಲಿ ಮಾತಾಡಿದ್ದೂ ತಪ್ಪು, ಉತ್ತರವೂ ತಪ್ಪು, ನನ್ನನ್ನು ಕರೆದದ್ದೂ ತಪ್ಪು. ಮಕ್ಕಳೆಲ್ಲ ಗೋಡೆಯನ್ನೇ ನೋಡುತ್ತಾ ಕೂತರು. ನಾನು ಬಾಯಿಯ ಮೇಲೆ ಬೆರಳಿಟ್ಟು ಅವಳಿಗೆ ಕೂರು ಎಂದು ಸನ್ನೆ ಮಾಡಿದೆ. ಸಂಜೆ ಮರಿಬಸಪ್ಪನವರು ಅಂಗಳಕ್ಕೆ ಕರೆದು, “ಏನ್ ಮಿಸ್, ಮಗಳಿಗೆ ಇಷ್ಟೂ ಹೇಳಿಕೊಟ್ಟಿಲ್ವಾ? ಬರೋ ವರ್ಷ ಪಾಠದ ಮಧ್ಯ ಇದು ಬರುತ್ತಲ್ಲ” ಎಂದು ಗದರಿದರು.

ಮರುವರ್ಷ ಬಂತು. ಅಷ್ಟರಲ್ಲಿ ಕುಸುಮಿ ಇರಲಿಲ್ಲ. ಬೇಸಿಗೆಯಲ್ಲಿ ಜ್ವರ ಹಿಡಿದು ನಾಲ್ಕೇ ದಿನಕ್ಕೆ ಹೊರಟುಹೋದಳು. ಹನ್ನೊಂದನೆಯ ದಿನ ನಾನು ನಡುಮನೆಯಲ್ಲಿ ಬಿದ್ದುಕೊಂಡಿದ್ದಾಗ ನನ್ನ ಗಂಡ ಶಿವಸ್ವಾಮಿಯೇ ಸುಣ್ಣದವನನ್ನು ಕರೆತಂದರು. ಅವಳು ನಿದ್ದೆಯಲ್ಲಿ ನಕ್ಕಿದ್ದು, ಬಿಸಿನೀರು ಸುಡುತ್ತೆ ಎಂದು ಅತ್ತಿದ್ದು, ಬಾಯಿಮುಚ್ಚಿಕೊಂಡು ಹಾಡಿದ್ದು, ಎಲ್ಲ ಮನೆಯ ಗೋಡೆಯಲ್ಲಿತ್ತು. ಮಧ್ಯಾಹ್ನದೊಳಗೆ ಎಲ್ಲ ಬೆಳ್ಳಗಾಯಿತು. ಅವರ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ ತಿಂಗಳುಗಟ್ಟಲೆ ಹಿತ್ತಲಿಗೆ ಹೋಗಿ ಬೈಯುವುದಕ್ಕೂ ಮನಸ್ಸಾಗಲಿಲ್ಲ. ಹೊಳೆ ಪಾಠದ ದಿನ ಕೋಲು ಹಿಡಿದು ನಿಂತಿದ್ದೆ. ಮೇಷ್ಟ್ರು ಕೇಳಿದರು. ಗೋಡೆಯೊಳಗಿಂದ ನನ್ನ ಮಗಳು, “ಅಜ್ಜಿ ಊರಲ್ಲಿ, ಅಮ್ಮಾ” ಎಂದಳು. “ಯಾರಿಗೂ ಗೊತ್ತಿಲ್ಲವೇ?” ಎಂದು ಮೇಷ್ಟ್ರು ಕೇಳುವಾಗ ನಾನು ಹಲಗೆ ಹಿಡಿದುಕೊಂಡಿದ್ದೆ.

ಆಮೇಲಿನಿಂದ ನನಗೆ ವರ್ಷವೆಂದರೆ ಅದೊಂದೇ ದಿನ. ಬಡ್ತಿ ಬಂದರೂ ನಾಲ್ಕನೇ ತರಗತಿ ಬಿಡಲಿಲ್ಲ. ಶಿವಸ್ವಾಮಿ ಟೈಲರ್. ಜಗಲಿಯ ಮೇಲೆ ಮೆಷಿನ್ನು ಇಟ್ಟುಕೊಂಡವರು ಆ ದಿನ ಮಾತ್ರ ಅಂಗಡಿ ಬಿಟ್ಟು, ಕುತ್ತಿಗೆಯಲ್ಲಿ ಟೇಪು ಹಾಗೇ ನೇತಾಡುತ್ತಿರಲು, ಬುತ್ತಿ ಕೊಡುವ ನೆಪದಲ್ಲಿ ಬಂದು ಬಲಗಡೆಯ ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಕೇಳಿದ ಮೇಲೆ ಬುತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಬಿಡುತ್ತಿದ್ದರು. ಸುಣ್ಣದ ಸಿಟ್ಟು ನನಗೆ ಇಳಿದದ್ದು ಹಾಗೆ ಅವರನ್ನು ನೋಡಿ ನೋಡಿಯೇ. ಊರವರಿಗೂ ಗೊತ್ತಿತ್ತು. ವರ್ಷಕ್ಕೊಂದು ಮಾತು ತಾನೇ, ಅದಕ್ಕೆ ಯಾರ ಗಿರಣಿಯೂ ಮುಚ್ಚುವುದಿಲ್ಲ ಎಂದು ಸುಮ್ಮನಿದ್ದರು.

ಇಷ್ಟರಲ್ಲಿ ಈ ತರಬೇತಿ ಬಂತು. ಬೇಸಿಗೆ ರಜೆಯಲ್ಲಿ ಐದನೇ ತರಗತಿಯ ಕೋಣೆಯಲ್ಲಿ ಚಾರ್ಟು, ಸ್ಕೆಚ್ ಪೆನ್ನು, ಬಣ್ಣದ ಕಾಗದ ಹರಡಿಕೊಂಡು ವಿನುತಾ ಮೇಡಂ ಕೂತಿದ್ದಳು. ಕುಸುಮಿ ಇದ್ದಿದ್ದರೆ ಹೆಚ್ಚು ಕಡಿಮೆ ಅದೇ ವಯಸ್ಸು, ಹಾಗಾಗಿ ಮನಸ್ಸಿನಲ್ಲಿ ನನಗೆ ಆಕೆ ‘ಅವರು’ ಅಲ್ಲ, ‘ಅವಳು’, ಬಾಯಲ್ಲಿ ಮಾತ್ರ ಮೇಡಂ. ಎರಡನೆಯ ದಿನಕ್ಕೆ ನಮ್ಮ ಊರಿನ ರೀತಿ ಅವಳಿಗೆ ತಿಳಿಯಿತು. ನಾವು ಹೊರಗೆ ಹೋಗಿ ಉತ್ತರ ಕೊಟ್ಟು ಬರುವುದನ್ನು ನೋಡಿ ಮುಖ ಸಪ್ಪೆ ಮಾಡುವುದು ಬಿಟ್ಟಳು. ಆದರೆ ತಾನು ಒಳಗೇ ಮಾತಾಡಿದಳು, ಹಾಡಿದಳು, ಚಪ್ಪಾಳೆ ತಟ್ಟಿದಳು. ಧೈರ್ಯವಂತೆ.

“ನೀವು ಪಾಠ ಮಾಡೋದು ಬೇಡ, ಗೋಡೆ ಪಾಠ ಮಾಡೋದೂ ಬೇಡ. ಮಕ್ಕಳು ಮಾತಾಡ್ಲಿ” ಎಂದಳು. “ಒಂದು ಮಗು ಉತ್ತರ ಹೇಳಿದ್ರೆ, ಸರಿ ಇರ್ಲಿ ತಪ್ಪಿರ್ಲಿ, ಅದನ್ನ ಒಂಟಿ ಬಿಡಬೇಡಿ. ಇಡೀ ತರಗತಿ ಆ ಉತ್ತರವನ್ನ ಜೊತೆಗೆ ಹೇಳ್ಲಿ. ಇದಕ್ಕೆ ಜೊತೆದನಿ ಅಂತೀವಿ. ಆಮೇಲೆ ಸರಿಯೋ ತಪ್ಪೋ ಎಲ್ಲರೂ ಸೇರಿ ಯೋಚನೆ ಮಾಡ್ಲಿ. ಆಗ ಯಾವ ಮಗೂಗೂ ನಾಚಿಕೆ ಆಗಲ್ಲ.”

ಮರಿಬಸಪ್ಪನವರು ಹೊರಗೆ ಹೋದರು. ಕಿಟಕಿಯಲ್ಲಿ ಇಣುಕಿ, “ತಪ್ಪು ಹೇಳಿದ್ರೆ ಗೋಡೇಲಿ ಉಳಿಯುತ್ತಲ್ಲ ಮೇಡಂ. ಬರೋ ವರ್ಷದವರು ಅದನ್ನೇ ಕಲೀತಾರೆ” ಎಂದರು.

“ಹಾಗಾದ್ರೆ ಪ್ರತಿ ಬೇಸಿಗೇಲೂ ಸುಣ್ಣ ಬಳೀರಿ ಸರ್. ಹೊಸ ಮಕ್ಕಳಿಗೆ ಹೊಸ ಗೋಡೆ.”

ಅಷ್ಟು ಸರಳ. ಯಾರಿಗೂ ಹೊಳೆದಿರಲಿಲ್ಲ. ಮರಿಬಸಪ್ಪನವರು ಕಿಟಕಿಯ ಸರಳು ಹಿಡಿದುಕೊಂಡು ನನ್ನ ಮುಖ ನೋಡಿದರು. ಉಳಿದವರೂ ನೋಡಿದರು. ನಾನು ಚಪ್ಪಲಿಯನ್ನೂ ಮೆಟ್ಟದೆ ಎದ್ದು ಹೊರಗೆ ಬಂದೆ. ಅಂಗಳದ ಮಧ್ಯ ನಿಂತು, “ನನ್ನ ಕೋಣೆಗೆ ಸುಣ್ಣದ ಬಕೆಟ್ಟು ತಂದವರ ಕೈ ಮುರೀತೀನಿ” ಎಂದೆ. ಇಷ್ಟು ವರ್ಷ ತರಗತಿಯಲ್ಲಿ ಪಿಸುಗುಟ್ಟಿಯೂ ಇಲ್ಲದ ಗಂಟಲು, ಬೀದಿಯವರೆಗೂ ಕೇಳಿಸಿತಂತೆ.

ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ವಿನುತಾ ಮೇಡಂ ಎರಡು ಲೋಟ ಟೀ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಮರಿಬಸಪ್ಪನವರು ಎಲ್ಲ ಹೇಳಿದ್ದರು ಎಂದು ಅವಳ ಮುಖದಲ್ಲೇ ಗೊತ್ತಾಯಿತು. ನಾನು ಜಗಳಕ್ಕೆ ತಯಾರಾಗಿದ್ದೆ. ಅವಳು ಜಗಳವಾಡಲಿಲ್ಲ.

“ನಮ್ಮೂರಲ್ಲಿ ಗೋಡೆ ಏನನ್ನೂ ಇಟ್ಕೊಳಲ್ಲ ಮಿಸ್” ಎಂದಳು. “ನಮ್ಮಪ್ಪ ಹೋದ ಮೇಲೆ ಅವರ ದನಿ ಹೇಗಿತ್ತು ಅನ್ನೋದು ನಂಗೆ ವರ್ಷ ಕಳೆಯೋ ಹೊತ್ತಿಗೆ ಮರೆತೇ ಹೋಯ್ತು. ಏನು ಹೇಳ್ತಿದ್ರು ಅನ್ನೋದು ನೆನಪಿದೆ. ದನಿ ಇಲ್ಲ.”

ನಾನು ಟೀ ಕುಡಿದೆ.

“ನಿಮ್ಮ ಕೋಣೆಗೆ ಸುಣ್ಣ ಬೇಡ. ನಾನು ಬರೆದುಕೊಡ್ತೀನಿ. ಆದ್ರೆ ಆ ಒಂದು ಪಾಠ ಬಿಟ್ಟು ಉಳಿದ ದಿನ ಎಲ್ಲ ಮಕ್ಕಳದು. ಮೇಷ್ಟ್ರು ಗೋಡೇಲಿ ಹೇಳ್ತಿದ್ರೂ ಸರಿ, ಮಕ್ಕಳು ಅವರ ಮೇಲೇ ಮಾತಾಡ್ಲಿ. ಜೊತೆದನಿ, ಗುಂಪು ಕೆಲಸ, ಪ್ರಶ್ನೆ ಕೇಳೋದು, ಯಾವುದೂ ಬಿಡಬಾರ್ದು. ನೀವು ಮಾಡಿದ್ರೆ ಉಳಿದವರೂ ಮಾಡ್ತಾರೆ. ಆಗುತ್ತಾ?”

“ಆಗುತ್ತೆ” ಎಂದೆ. ಕಣ್ಣು ತುಂಬಿತ್ತು, ಟೀ ಬಿಸಿ ಎಂದು ಸುಳ್ಳು ಹೇಳಿದೆ.

ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗ ನಾಲ್ಕು ಕೋಣೆಗಳು ಬೆಳ್ಳಗೆ ಹೊಳೆಯುತ್ತಿದ್ದವು, ನನ್ನದೊಂದು ಮಾಸಲಾಗಿ ಹಾಗೇ ಇತ್ತು. ಕೊಟ್ಟ ಮಾತಿಗೆ ನಾನು ತಪ್ಪುವವಳಲ್ಲ. ಮೊದಲ ದಿನವೇ ಕೋಲನ್ನು ಮಾಡಿನ ಮೇಲೆ ಎಸೆದೆ. “ಮಾತಾಡಿ” ಎಂದೆ. ಯಾರೂ ತುಟಿ ಬಿಚ್ಚಲಿಲ್ಲ. ಒಂದು ವಾರ ನಾನೊಬ್ಬಳೇ ಹುಚ್ಚಿಯ ಹಾಗೆ ಮಾತಾಡಿದೆ, ನನ್ನ ದನಿ ನನಗೇ ಯಾರದೋ ಅನಿಸುತ್ತಿತ್ತು. ಎರಡನೇ ವಾರ ಗೋಡೆಯಲ್ಲಿ ಮೇಷ್ಟ್ರು, “ಒಂದು ರೂಪಾಯಿಗೆ ಹದಿನಾರು ಆಣೆ” ಎಂದಾಗ ಶಬಾನಾ ಎಂಬ ಹುಡುಗಿ ಎದ್ದು ಗೋಡೆಗೆ, “ಈಗ ಆಣೆ ಇಲ್ಲ ಮೇಷ್ಟ್ರೇ. ನಮ್ಮಪ್ಪನ ಅಂಗಡೀಲಿ ಕೊಟ್ರೆ ತಗೊಳಲ್ಲ” ಎಂದಳು. ನಾನು ಜೊತೆದನಿ ಎಂದು ಕೈ ಎತ್ತಿದೆ. ಇಡೀ ತರಗತಿ, “ಈಗ ಆಣೆ ಇಲ್ಲ ಮೇಷ್ಟ್ರೇ” ಎಂದಿತು. ಆಮೇಲೆ ಅವರನ್ನು ಸುಮ್ಮನಾಗಿಸುವುದೇ ಕಷ್ಟವಾಯಿತು.

ನಿಜ ಹೇಳಬೇಕೆಂದರೆ ಆ ವರ್ಷ ನನಗೆ ಖುಷಿಯಾಗಿತ್ತು. ಹೇಳಿಕೊಳ್ಳಲು ಸಂಕಟ, ಆದರೂ ಆಗಿತ್ತು. ಯಾವ ಮಗು ತಪ್ಪು ಹೇಳಿದರೂ ಉಳಿದವರೆಲ್ಲ ಜೊತೆಗೆ ಹೇಳುತ್ತಿದ್ದರು. ಹೇಳುವಾಗಲೇ ಅವರ ಕಿವಿಗೆ ಬಿದ್ದು, “ಅಲ್ಲ ಮಿಸ್, ಹಂಗಲ್ಲ” ಎಂದು ತಾವೇ ಸರಿಮಾಡಿಕೊಳ್ಳುತ್ತಿದ್ದರು. ಉಗ್ಗುವ ಹುಡುಗನೊಬ್ಬನಿದ್ದ. ಅವನು ಒಂದು ಅಕ್ಷರದಲ್ಲಿ ಸಿಕ್ಕಿಕೊಂಡರೆ ಎಲ್ಲರೂ ಆ ಅಕ್ಷರವನ್ನು ಜೊತೆಗೆ ಹಿಡಿದು ದಾಟಿಸುತ್ತಿದ್ದರು. “ಯಾರನ್ನೂ ಒಂಟಿ ಬಿಡಬಾರದು” ಎಂದು ನಾನು ದಿನಕ್ಕೆ ಎಷ್ಟು ಸಲ ಹೇಳಿದೆನೋ. ಮನೆಗೆ ಹೋಗಿ ಹಿತ್ತಲಲ್ಲಿ ಕೂತು ಗಂಡನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವರು ಗುಂಡಿ ಹೊಲಿಯುತ್ತಾ, “ನಮ್ಮ ಕುಸುಮಿ ಈಗ ಓದಬೇಕಿತ್ತು” ಎಂದರು ಒಮ್ಮೆ.

ಚಳಿ ಶುರುವಾಗುತ್ತಿದ್ದಂತೆ ಒಂದು ದಿನ ಆಟದ ಹೊತ್ತಿನಲ್ಲಿ ಶಬಾನಾ ಹೊಂಗೆಮರದ ಕೆಳಗೆ ನನ್ನ ಹತ್ತಿರ ಬಂದಳು.

“ಮಿಸ್, ಹೊಳೆ ಪಾಠದ ದಿನ ಗೋಡೇಲಿ ಒಂದು ಹುಡುಗಿ ಮಾತಾಡ್ತಾಳಂತೆ. ನಮ್ಮಣ್ಣ ಹೇಳ್ದ.”

“ಹೌದು. ಅವಳು ನನ್ನ ಮಗಳು.”

“ಅವಳಿಗೆ ಯಾರೂ ಜೊತೆದನಿ ಕೊಡ್ಲಿಲ್ವಾ ಮಿಸ್?”

“ಆಗ ಜೊತೆದನಿ ಇರಲಿಲ್ಲ ಕಣೇ.”

“ಮೇಷ್ಟ್ರು ಯಾರಿಗೂ ಗೊತ್ತಿಲ್ವಾ ಅಂತಾರಂತಲ್ಲ ಆಮೇಲೆ. ಅವಳು ಹೇಳಿದ್ದು ಕೇಳಿಸೇ ಇಲ್ಲ ಅನ್ನೋ ಹಂಗೆ.”

“ಆ ದಿನ ನೀವೆಲ್ಲ ಸುಮ್ಮನೆ ಕೂತು ಕೇಳಬೇಕು. ನನಗೆ ಅದು ಬೇಕು. ಆಯ್ತಾ?” ಎಂದೆ. ಅವಳು ತಲೆಯಾಡಿಸಿ ಓಡಿದಳು. ಎಲ್ಲ ಮಕ್ಕಳಿಗೂ ಇದನ್ನೇ ಹೇಳಿದೆ. ಪಾಠದ ದಿನ ಹತ್ತಿರ ಬಂದಂತೆ ಅವರು ಹೊಂಗೆಮರದ ಕೆಳಗೆ ಗುಂಪುಗೂಡಿ ಏನೋ ಅಭ್ಯಾಸ ಮಾಡುವುದು, ನಾನು ಹೋದರೆ ಚದುರುವುದು ನಡೆಯಿತು. ವಾರ್ಷಿಕೋತ್ಸವದ ನಾಟಕವಿರಬೇಕು, ಅವರೇ ಕಟ್ಟಿಕೊಳ್ಳಲಿ ಎಂದು ಬಿಟ್ಟೆ. ಹೊಸ ಪದ್ಧತಿಯಲ್ಲಿ ಇದೂ ಒಂದು, ಮಕ್ಕಳು ಸೇರಿ ಮಾಡುವುದರಲ್ಲಿ ಟೀಚರ್ ಮೂಗು ತೂರಿಸಬಾರದು.

ಹೊಳೆ ಪಾಠದ ದಿನ ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಂಡು, ಕುಸುಮಿಗೆ ಇಷ್ಟವಿದ್ದ ಹಸಿರು ಸೀರೆ ಉಟ್ಟು ಹೋದೆ. ಮಕ್ಕಳು ಬಾಯಿಯ ಮೇಲೆ ಬೆರಳಿಟ್ಟು, ಬೆನ್ನು ನೆಟ್ಟಗೆ ಮಾಡಿ, ಹಳೆಯ ಕಾಲದ ಮಕ್ಕಳಂತೆ ಕೂತಿದ್ದರು. ಬಲಗಡೆಯ ಕಿಟಕಿಯಲ್ಲಿ ಶಿವಸ್ವಾಮಿ ಬುತ್ತಿ ಹಿಡಿದು, ಮಫ್ಲರ್ ಬಿಚ್ಚಿ, ಕಿವಿ ಸರಳಿಗೆ ತಾಗಿಸಿ ನಿಂತರು. ಗೋಡೆಯಲ್ಲಿ ಮೇಷ್ಟ್ರು ಹೊಳೆಯ ದಡದ ಊರುಗಳ ಹೆಸರು ಹೇಳಿದರು. ಹೊಳೆಯ ಮೀನುಗಳ ಹೆಸರು ಹೇಳಿದರು. ಕೆಮ್ಮಿದರು. “ನಮ್ಮ ಹೊಳೆ ಎಲ್ಲಿ ಹುಟ್ಟುತ್ತದೆ? ಬಲ್ಲವರು ಹೇಳಿ ನೋಡೋಣ” ಎಂದರು.

ನಾನು ಕಣ್ಣು ಮುಚ್ಚಿಕೊಂಡೆ. ಬೆಂಚುಗಳು ಸರಿದ ಸದ್ದಾಯಿತು. ಇಡೀ ತರಗತಿ ಎದ್ದು ನಿಂತು, ಒಂದೇ ಉಸಿರಿಗೆ, ತಿಂಗಳಿಂದ ತಿದ್ದಿ ತೀಡಿದ ಒಂದೇ ದನಿಯಲ್ಲಿ, “ಅಜ್ಜಿ ಊರಲ್ಲಿ, ಅಮ್ಮಾ” ಎಂದಿತು.

ಹೊತ್ತು ಎಳ್ಳಷ್ಟೂ ತಪ್ಪಿರಲಿಲ್ಲ. ಅವಳು ಬಾಯಿ ತೆರೆದಾಗ ಅವರೂ ತೆರೆದಿದ್ದರು, ಅವಳು ಮುಗಿಸಿದಾಗ ಅವರೂ ಮುಗಿಸಿದ್ದರು. ಶಬಾನಾ ಅಣ್ಣನ ಬಳಿ ಕೇಳಿ ಕೇಳಿ ಅವಳು ಹೇಳುವ ರೀತಿ, ಎಲ್ಲಿ ಎಳೆಯುತ್ತಾಳೆ, ಎಲ್ಲಿ ನಿಲ್ಲಿಸುತ್ತಾಳೆ, ಎಲ್ಲ ಕಲಿತು ಉಳಿದವರಿಗೆ ಕಲಿಸಿದ್ದಳಂತೆ. ನಾನು ಕಿವಿಯಲ್ಲೇ ಹುಡುಕಾಡಿದೆ. ಅಷ್ಟು ದನಿಗಳೊಳಗೆ ಅವಳದು ಯಾವುದೆಂದು ಸಿಗಲಿಲ್ಲ. “ಯಾರಿಗೂ ಗೊತ್ತಿಲ್ಲವೇ?” ಎಂದರು ಮೇಷ್ಟ್ರು. “ಸರಿ, ನಾನೇ ಹೇಳುತ್ತೇನೆ.”

ಕಣ್ಣು ಬಿಟ್ಟರೆ ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಮುಖ ಅರಳಿತ್ತು. ಹಬ್ಬದ ದಿನ ಹೊಸ ಬಟ್ಟೆ ತೋರಿಸಲು ಬಂದವರ ಹಾಗೆ ನಿಂತಿದ್ದರು. ಶಬಾನಾಗೆ ತಡೆಯಲಾಗಲಿಲ್ಲ.

“ಸುಮ್ಮನಿರಿ ಅಂದಿದ್ರಿ ಮಿಸ್, ಗೊತ್ತು. ಆದ್ರೆ ನೀವೇ ಹೇಳಿದ್ರಲ್ಲ, ಯಾರನ್ನೂ ಒಂಟಿ ಬಿಡಬಾರ್ದು ಅಂತ. ಇನ್ಮೇಲೆ ಪ್ರತಿ ವರ್ಷ ಅವಳ ಜೊತೆ ನಾವಿರ್ತೀವಿ. ಸರಿಯಾಗಿ ಹೇಳಿದ್ವಾ?”

ಒಳಗಿನಿಂದ ಉಕ್ಕಿ ಬಂದದ್ದನ್ನು ಹೇಳಿಬಿಟ್ಟಿದ್ದರೆ ಆ ಗೋಡೆ ಅದನ್ನು ಪ್ರತಿ ವರ್ಷ ಆ ಮಕ್ಕಳ ಬೆನ್ನಿಗೇ ಹೇಳುತ್ತಿತ್ತು. ಕೈ ಎತ್ತಿ ಹೊಡೆಯಬೇಕೆನಿಸಿತು, ಎಲ್ಲರನ್ನೂ ಬಾಚಿ ತಬ್ಬಿಕೊಳ್ಳಬೇಕೆನಿಸಿತು. ಏನೂ ಮಾಡಲಿಲ್ಲ. ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಎಲ್ಲರೂ ಚೆನ್ನಾಗಿ ಹೇಳಿದ್ರಿ” ಎಂದೆ. ಕಿಟಕಿಯಲ್ಲಿ ಬುತ್ತಿ ಇತ್ತು, ಶಿವಸ್ವಾಮಿ ಇರಲಿಲ್ಲ.

ಆ ಸಂಜೆ ನಾವಿಬ್ಬರೂ ಹಿತ್ತಲಿಗೆ ಹೋಗಲಿಲ್ಲ. ವಿನುತಾ ಮೇಡಂಗೆ ವಿಷಯ ತಲುಪಿ, ಅವಳು ಬಸ್ಸು ಹಿಡಿದು ಬಂದು ಶಾಲೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು ಅತ್ತಳು. ತಪ್ಪಾಯ್ತು ಮಿಸ್ ಎಂದಳು. ಅವಳ ತಪ್ಪೇನಿತ್ತು ಅದರಲ್ಲಿ? ಅವಳು ಹೇಳಿಕೊಟ್ಟದ್ದನ್ನು ನಾನು ಚೆನ್ನಾಗಿ ಕಲಿತೆ, ನಾನು ಹೇಳಿಕೊಟ್ಟದ್ದನ್ನು ಮಕ್ಕಳು ಚೆನ್ನಾಗಿ ಕಲಿತರು. ಸುಣ್ಣ ಬಳಿದರೆ ಮಕ್ಕಳ ದನಿಯ ಜೊತೆ ಕುಸುಮಿಯೂ ಹೋಗುತ್ತಾಳೆ, ಬಳಿಯದಿದ್ದರೆ ಅವರ ದನಿಯ ಅಡಿಯಲ್ಲೇ ಇರುತ್ತಾಳೆ. ಬೇಸಿಗೆಯಲ್ಲಿ ಮರಿಬಸಪ್ಪನವರು ನನ್ನ ಕೋಣೆಯ ಮುಂದೆ ನಿಂತು ಕೇಳಲೋ ಬೇಡವೋ ಎಂದು ಗಂಟಲು ಸರಿಮಾಡಿಕೊಂಡರು. ನಾನು ಬೇಡ ಎಂದು ತಲೆಯಾಡಿಸಿದೆ.

ಮರುವರ್ಷ ಹೊಸ ಮಕ್ಕಳು. ಅವರಿಗೆ ಆ ಪಾಠದ ದಿನ ನಾನು ಏನೂ ಹೇಳಲಿಲ್ಲ, ಹೊರಗೆ ಆಡಲು ಕಳಿಸಿದೆ. ಖಾಲಿ ಕೋಣೆಯಲ್ಲಿ ನಾನೊಬ್ಬಳು, ಬಲಗಡೆಯ ಕಿಟಕಿಯಲ್ಲಿ ಶಿವಸ್ವಾಮಿ. ಮೇಷ್ಟ್ರು ಕೇಳಿದರು. ಹೋದ ವರ್ಷದ ಇಡೀ ತರಗತಿ ನನ್ನನ್ನು ಅಮ್ಮಾ ಎಂದಿತು. ಈ ಸಲವೂ ಕುಸುಮಿಯದು ಯಾವುದೆಂದು ಸಿಗಲಿಲ್ಲ. ಯಾರಿಗೂ ಗೊತ್ತಿಲ್ಲವೇ ಎಂದರು ಮೇಷ್ಟ್ರು. ಶಬಾನಾ, ಸರಿಯಾಗಿ ಹೇಳಿದ್ವಾ ಎಂದಳು. ಆಮೇಲೆ ಗೋಡೆಯಲ್ಲಿ ನನ್ನದೇ ದನಿ, ಎಲ್ಲರೂ ಚೆನ್ನಾಗಿ ಹೇಳಿದ್ರಿ ಎಂದಿತು.

ಹೊರಗೆ ಬಂದೆ. ಶಿವಸ್ವಾಮಿ ಬುತ್ತಿ ಇನ್ನೂ ಕೈಯಲ್ಲೇ ಹಿಡಿದು ಕಿಟಕಿಯ ಕೆಳಗೆ ಕೂತಿದ್ದರು.

“ಅಷ್ಟು ಜನದೊಳಗೆ ನಮ್ಮವಳದು ಯಾವುದು ಅಂತ ಗೊತ್ತಾಯ್ತಾ?” ಎಂದರು.

“ಗೊತ್ತಾಗದೆ ಏನು. ಎಡಗಡೆ ಗೋಡೆ ಹತ್ರ ಬಂತಲ್ಲ, ಒಂಚೂರು ಸಣ್ಣ ದನಿ” ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಮಫ್ಲರ್ ಕುತ್ತಿಗೆಗೆ ಸುತ್ತಿಕೊಂಡು ಎದ್ದರು.

“ನಾನು ಈ ಕಡೆ ನಿಂತಿದ್ನಲ್ಲ, ಅದಕ್ಕೇ ಕೇಳಿಸ್ಲಿಲ್ಲ” ಎಂದರು. “ಬರೋ ವರ್ಷ ಎಡಗಡೆ ಕಿಟಕೀಲಿ ನಿಂತ್ಕೋತೀನಿ.”